ಬೆಕ್ಕಿನ ಕಣ್ಣಿನ ಹುಲಿಗಳು

ನಮ್ಮ ಮನೆಯ ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ, ಯಾವಾಗಲೂ ಒಂದು ಬಟ್ಟಲು ತುಂಬ ಕಣ್ಣುಗಳಿರುತ್ತಿದ್ದವು. ಹೊಸದಾಗಿ ಬಂದ ನೆಂಟರು ಹೆದರಿ ಕುರ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಅಯ್ಯೋ, ಗಾಜಿನ ಕಣ್ಣು ಯಾರನ್ನು ನೋಡೀತು? ನಾನು ಅದೇ ಮೇಜಿನಲ್ಲಿ ಕೂತು ಗಂಜಿ ಉಣ್ಣುತ್ತಿದ್ದೆ, ಅದೇ ಮೇಜಿನಲ್ಲಿ ಕೂತು ಹುಲಿಗಳಿಗೆ ದೃಷ್ಟಿ ಕೊಡುತ್ತಿದ್ದೆ.

ನನ್ನ ಹೆಸರು ಬೆನಿಟಾ. ನಮ್ಮ ಪಪ್ಪ ಇಸಿದೋರ್ ಮಂಗಳೂರು ಕಂಕನಾಡಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಸತ್ತ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ಜೀವ ಇದ್ದ ಹಾಗೆ ನಿಲ್ಲಿಸುವ ಕೆಲಸ ಮಾಡುತ್ತಿದ್ದರು. ಘಟ್ಟದ ಮೇಲಿನ ಕಾಫಿ ತೋಟದ ಧಣಿಗಳಿಗೆ, ಬೇಟೆಯ ಹುಚ್ಚಿನ ವಕೀಲರಿಗೆ ಇಸಿದೋರ್ ಪೊರ್ಬುಗಳೇ ಆಗಬೇಕು. ನಮ್ಮ ಕಡೆ ಕ್ರೈಸ್ತ ಗಂಡಸರನ್ನು ಮರ್ಯಾದೆಗೆ ಪೊರ್ಬು ಎನ್ನುತ್ತಾರೆ. "ನನ್ನ ಕೆಲಸ ನೂರು ವರ್ಷ ಬಾಳ್ತದೆ" ಎಂದು ಪಪ್ಪ ಹೇಳುತ್ತಿದ್ದರು. ಬಡಾಯಿಯಲ್ಲ. ಚರ್ಮದ ಒಳಗೂ ಹೊರಗೂ ಅವರು ಪಾಷಾಣ ಬೆರೆಸಿದ ಒಂದು ಸಾಬೂನನ್ನು ತಿಕ್ಕುತ್ತಿದ್ದರು. ಅದು ತಾಗಿದ ಚರ್ಮಕ್ಕೆ ಹುಳ ಹಿಡಿಯುವುದಿಲ್ಲ, ಇಲಿ ಬಾಯಿ ಹಾಕುವುದಿಲ್ಲ. ಹಾಕಿದ ಇಲಿ ಅಲ್ಲೇ ಸತ್ತು ಬಿದ್ದಿರುತ್ತಿತ್ತು. ವಿಷದ ಸಾಬೂನು ಎಂದೇ ಅದರ ಹೆಸರು. ಅಮ್ಮ ಬದುಕಿದ್ದಷ್ಟು ಕಾಲ ಪಪ್ಪ ಸ್ನಾನ ಮಾಡದೆ ಅಡುಗೆಮನೆಯ ಹೊಸ್ತಿಲು ದಾಟಿದ್ದೇ ಇಲ್ಲ.

ಕಣ್ಣುಗಳು ಮೊದಲು ಜರ್ಮನಿಯಿಂದ ಬರುತ್ತಿದ್ದವಂತೆ. ಯುದ್ಧದಲ್ಲಿ ಅವು ನಿಂತವು, ಪಪ್ಪನ ಕಣ್ಣಿಗೂ ಪೊರೆ ಬರತೊಡಗಿತು, ಕೆಲಸ ನನ್ನ ತಲೆಗೆ ಬಂತು. ಬೊಂಬಾಯಿಯಿಂದ ಬಣ್ಣವಿಲ್ಲದ ಗಾಜಿನ ಗುಂಡಿಗಳು ಬರುತ್ತಿದ್ದವು: ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಚಪ್ಪಟೆ ಕಡೆಗೆ ಬಣ್ಣ ಬರೆಯಬೇಕು. ನೋಡುವುದು ಉಬ್ಬಿನ ಕಡೆಯಿಂದ, ಹಾಗಾಗಿ ಎಲ್ಲವೂ ತಿರುಗುಮುರುಗು. ಮೊದಲು ನಡುವಿನ ಕಪ್ಪು ಪಾಪೆ, ಅದರ ಮೇಲೆ ಚಿನ್ನದ ಎಳೆ, ಕೊನೆಗೆ ಹಳದಿ. ಪಾಪೆ ತಪ್ಪಿದರೆ ಆಮೇಲೆ ತಿದ್ದುವ ಹಾಗಿಲ್ಲ, ಎಲ್ಲ ಕೆರೆದು ತೆಗೆಯಬೇಕು.

ಹುಲಿಯನ್ನು ನಾನು ಎಲ್ಲಿ ನೋಡಲಿ? ಮಂಗಳೂರಿನಲ್ಲಿ ಹುಟ್ಟಿ ಊರಂಚಿನ ನಂತೂರಿನ ಆಚೆಗೆ ಹೋದವಳಲ್ಲ. ಮಾದರಿಗೆ ಮನೆಯ ಬೆಕ್ಕಿತ್ತು. ಹುಲಿ ಬೆಕ್ಕಿನ ಜಾತಿ ಎಂದು ಶಾಲೆಯಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು, ಸಾಕಲ್ಲ! ಮಧ್ಯಾಹ್ನದ ಬಿಸಿಲಿಗೆ ಅದು ಗೋಡೆಯ ಮೇಲೆ ಕೂತಾಗ ಕಣ್ಣಿನ ಪಾಪೆ ಭತ್ತದ ಕಾಳಿನ ಹಾಗೆ ಉದ್ದಕ್ಕೆ ನಿಲ್ಲುತ್ತಿತ್ತು. ಹನ್ನೊಂದು ವರ್ಷ ನಾನು ಆ ಭತ್ತದ ಕಾಳನ್ನೇ ಬರೆದೆ, ಹುಲಿಗೂ ಅದೇ, ಚಿರತೆಗೂ ಅದೇ. ಧಣಿಗಳು ಬಂದು ನೋಡಿ "ಭೇಷ್! ಇದೇ ನೋಟ, ಇದೇ ನೋಟ!" ಎಂದು ಮೀಸೆ ತೀಡಿಕೊಂಡು ಹೋಗುತ್ತಿದ್ದರು.

ಸಾವಿರದ ಒಂಬೈನೂರ ಅರವತ್ತೆರಡರ ನವೆಂಬರಿನಲ್ಲಿ ಒಂದು ದಿನ ಬೆಳಿಗ್ಗೆ ಶುಕೂರ್ ಬ್ಯಾರಿಗಳ ಲಾರಿ ನಮ್ಮ ಗೇಟಿನ ಎದುರು ನಿಂತಿತು. ಅವರು ಘಟ್ಟದಿಂದ ಬಂದರಿಗೆ ಮರ ತರುವವರು. ದಾರಿಯಲ್ಲಿ ತೋಟದ ಧಣಿಗಳು ಕೊಟ್ಟ ಚರ್ಮಗಳನ್ನೂ ನಮಗೆ ತಲುಪಿಸುತ್ತಿದ್ದರು. ಆ ದಿನ ಭುಜದ ಮೇಲೆ ಗೋಣಿ ಹೊತ್ತಿದ್ದರು, ಕೈಯಲ್ಲಿ ಮುಚ್ಚಳ ಕಟ್ಟಿದ ಒಂದು ಮೀನಿನ ಬುಟ್ಟಿ. ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನೂ ಅವರು ಬಾಯಮ್ಮ ಎನ್ನುತ್ತಿದ್ದರು.

"ಬಾಯಮ್ಮ, ಬುಟ್ಟಿಗೆ ಕೈ ಹಾಕ್ಬೇಡಿ, ಕಚ್ತದೆ!"

"ಅದರಲ್ಲಿ ಎಂತ ಉಂಟು ಮಾರಾಯ್ರೆ?"

"ಗೋಣಿಯಲ್ಲಿ ಚಿರತೆಯ ಚರ್ಮ ಉಂಟು. ಬುಟ್ಟಿಯಲ್ಲಿ ಅದರ ಮಗು" ಎಂದರು. ಮತ್ತೆ ಎಂದಿನ ಹಾಗೆ ನಗಲಿಲ್ಲ.

ಗೋಣಿಯ ಜೊತೆ ಬಂದ ಧಣಿಯ ಕಾಗದವನ್ನು ನಾನೇ ಪಪ್ಪನಿಗೆ ಓದಿ ಹೇಳಿದೆ. ಮೇ ತಿಂಗಳಲ್ಲಿ ಮಗಳ ಮದುವೆ. ಚಪ್ಪರದ ಬಾಗಿಲಲ್ಲಿ ತಾಯಿ ಚಿರತೆ ನಿಂತಿರಬೇಕು, ಹೊಟ್ಟೆಯ ಕೆಳಗೆ ಮರಿ ಹಾಲು ಕುಡಿಯುವ ಹಾಗಿರಬೇಕು. ಕೊಂದು ಕಳಿಸಿದರೆ ಮರಿಯ ಮೆತ್ತನೆ ಚರ್ಮ ದಾರಿಯಲ್ಲೇ ಕೆಡುತ್ತದೆಂದು ಜೀವಂತ ಕಳಿಸಿದ್ದೇನೆ, ನಿಮಗೆ ಅನುಕೂಲವಾದಾಗ ಮುಗಿಸಿಕೊಳ್ಳಿ.

ನನಗೆ ಸಿಟ್ಟು ಬೇಗ ಬರುತ್ತದೆ, ಊರಿಗೆಲ್ಲ ಗೊತ್ತಿದ್ದ ಸಂಗತಿ. "ಅವನ ಮದುವೆ ಚಪ್ಪರಕ್ಕೆ ಬೆಂಕಿ ಬೀಳ! ಹಾಲು ಕುಡಿಯುತ್ತಿದ್ದದ್ದನ್ನು ಕೊಂದು ಹಾಲು ಕುಡಿಯುವ ಹಾಗೆ ಮಾಡ್ಬೇಕಂತೆ!" ಎಂದು ಕೂಗಿದೆ.

ಪಪ್ಪ ಚರ್ಮವನ್ನು ಬಿಡಿಸಿ ಬೆರಳಿನಿಂದ ಸವರಿ ನೋಡುತ್ತಿದ್ದರು. ಹೊಟ್ಟೆಯ ಹತ್ತಿರ ಅವರ ಬೆರಳು ನಿಂತಿತು. ಅಲ್ಲಿ ಕೂದಲಿಗೆ ಬಿಳಿ ಏನೋ ಒಣಗಿ ಅಂಟಿತ್ತು. ಚರ್ಮವನ್ನು ಮಡಚಿಟ್ಟು ಅವರೆಂದರು, "ಕೆಲಸಕ್ಕೆ ಬಂದದ್ದಕ್ಕೆ ಹೆಸರು ಇಡ್ಬೇಡ ಬೆನಿಟಾ. ಅಷ್ಟೇ ನಾನು ಹೇಳುವುದು."

ನಾನು ಹೆಸರಿಡಲಿಲ್ಲ. ಬುಟ್ಟಿಯನ್ನು ಅಂಗಳಕ್ಕೆ ಒಯ್ದು ಮುಚ್ಚಳ ತೆಗೆದೆ. ನಮ್ಮ ಬೆಕ್ಕಿಗಿಂತ ದೊಡ್ಡದೇನಲ್ಲ, ತಲೆ ಮಾತ್ರ ದೊಡ್ಡದು. ಎರಡು ಕೈಯಲ್ಲಿ ಎತ್ತಿ ಬಿಸಿಲಿಗೆ ಹಿಡಿದೆ. ಕಣ್ಣು ಮಬ್ಬು ನೀಲಿ, ಬೆಳಗಿನ ಸಮುದ್ರದ ಹಾಗೆ. ಬೆಳಕು ಬೀಳುತ್ತಲೇ ಪಾಪೆ ಕುಗ್ಗಿತು. ಉದ್ದಕ್ಕೆ ನಿಲ್ಲುತ್ತದೆಂದು ನಾನು ಕಾದೆ. ಅದು ಸುತ್ತಲಿಂದ ಕುಗ್ಗುತ್ತ ಬಂದು ಸಾಸಿವೆ ಕಾಳಿನಷ್ಟು ದುಂಡಗೆ ನಿಂತಿತು. ನೆರಳಿಗೆ ತಂದೆ, ಹಿಗ್ಗಿತು. ಬಿಸಿಲಿಗೆ ತಂದೆ, ಮತ್ತೆ ಸಾಸಿವೆ. ಜೆಜು, ನನ್ನ ಯೇಸುವೇ! ಹಾಗಾದರೆ ನಾನು ಬರೆದ ಭತ್ತದ ಕಾಳುಗಳೆಲ್ಲ ತಪ್ಪು.

ಆ ಮಧ್ಯಾಹ್ನ ಮರಿ ಹಳೆಯ ಸೀರೆಯ ಮೇಲೆ ನನ್ನ ಪಕ್ಕದಲ್ಲಿ ಮಲಗಿತ್ತು. ನನಗೂ ಜೋಂಪು ಹತ್ತಿತು. ಕನಸಿನಲ್ಲಿ ನನ್ನ ಹುಲಿಗಳೆಲ್ಲ ಬಂದವು. ಬಂಗಲೆಗಳ ಪಡಸಾಲೆಯಿಂದ, ಕ್ಲಬ್ಬಿನ ಮೆಟ್ಟಿಲಿನಿಂದ, ವಕೀಲರ ಕಪಾಟಿನ ತುದಿಯಿಂದ ಇಳಿದು, ಘಟ್ಟ ಇಳಿದು, ನಂತೂರಿನ ಗುಡ್ಡೆ ಇಳಿದು, ಸಾಲುಸಾಲಾಗಿ ನಮ್ಮ ಅಂಗಳಕ್ಕೆ ಬಂದವು. ಹೆಜ್ಜೆಯ ಸದ್ದೇ ಇಲ್ಲ, ಹುಲ್ಲು ತುಂಬಿದ ಪಾದಗಳಲ್ಲವೇ. ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ತಡವರಿಸುತ್ತಿದ್ದವು. ಮುಂದಿದ್ದ ಮುದಿ ಹುಲಿ ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಹೇಳಿತು, "ಬಾಯಮ್ಮ, ನೀವು ಕೊಟ್ಟ ಕಣ್ಣಲ್ಲಿ ನಮಗೆ ಇಲಿ ಮಾತ್ರ ಕಾಣ್ತದೆ. ಕಾಡು ಎಲ್ಲಿ ಉಂಟು, ಸ್ವಲ್ಪ ಹೇಳ್ತೀರಾ?" ನಾನು ದಾರಿ ಹೇಳಲು ಬಾಯಿ ತೆರೆದೆ. ನನಗೂ ಗೊತ್ತಿರಲಿಲ್ಲ.

ಎದ್ದವಳೇ ಪಪ್ಪನ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಕುರ್ಚಿ ಎಳೆದು ಕೂತರು.

"ಎಷ್ಟಕ್ಕೆ ಹಾಗೆ ಮಾಡಿದ್ದಿ?"

"ಎಲ್ಲಕ್ಕೂ. ಅರುವತ್ತು ದಾಟಿರಬಹುದು."

"ಹನ್ನೊಂದು ವರ್ಷ ಒಬ್ಬನೂ ಹೇಳ್ಲಿಲ್ಲ!" ಎಂದು ಪಪ್ಪ ತಲೆ ಚಚ್ಚಿಕೊಂಡರು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಗುಂಡು ಹೊಡೆದವರು ಯಾರೂ ಅದರ ಮುಖ ನೋಡಿದ್ದೇ ಇಲ್ಲ."

ನಾಚಿಕೆಯಿಂದ ನನ್ನ ಕಿವಿ ಸುಡುತ್ತಿತ್ತು. ಆದರೂ ಬಾಯಿ ತನ್ನ ಕೆಲಸ ಮಾಡಿತು. "ಇದೊಂದಾದರೂ ಸರಿಯಾಗಬೇಕಲ್ಲ ಪಪ್ಪಾ? ತಾಯಿಯ ಕಣ್ಣಿನ ಬಣ್ಣ ನನಗೆ ಗೊತ್ತಿಲ್ಲ. ಮರಿಯದ್ದು ಈಗ ನೀಲಿ, ಬಲಿತ ಮೇಲೆಯೇ ನಿಜವಾದ ಬಣ್ಣ ಬರುವುದು. ಅಲ್ಲಿಯವರೆಗೆ ಅದು ಬದುಕಿರ್ಬೇಕು."

ಪಪ್ಪ ನನ್ನ ಮುಖವಿದ್ದ ಕಡೆ ತಿರುಗಿದರು. "ಈಸ್ಟರಿನವರೆಗೆ" ಎಂದರು. "ಅದರ ಮೇಲೆ ಒಂದು ದಿನ ಇಲ್ಲ. ಮದುವೆಗೆ ಮುಟ್ಟಬೇಕು. ನಮ್ಮ ಅನ್ನ ಅದು."

ಹಾಗೆ ಮರಿಯ ಆಯುಷ್ಯ ನನ್ನ ಕುಂಚದ ತುದಿಗೆ ಬಂತು. ನಾನು ಕಣ್ಣು ಬರೆದು ಮುಗಿಸಿದ ದಿನ ಅದರ ಕಥೆ ಮುಗಿಯುತ್ತದೆ. ಬರೆಯುವುದೂ ಕೆರೆಯುವುದೂ, ಬರೆಯುವುದೂ ಕೆರೆಯುವುದೂ, ಇಷ್ಟೇ ನನ್ನ ಚಳಿಗಾಲ. ಪಪ್ಪ ಕೇಳಿದಾಗಲೆಲ್ಲ ಒಂದು ಸುಳ್ಳು: ಹಸಿರು ಜಾಸ್ತಿಯಾಯಿತು, ಚಿನ್ನ ಮಂಕಾಯಿತು, ಗುಳ್ಳೆ ಎದ್ದಿತು. ತಪ್ಪೊಪ್ಪಿಗೆಗೆ ಹೋದಾಗ ಪಾದ್ರಿಗಳ ಹತ್ತಿರ ಈ ಸುಳ್ಳುಗಳನ್ನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಆ ತಿಂಗಳುಗಳು ನನಗೆ ನಿದ್ದೆಯಲ್ಲಿ ಕಳೆದ ಹಾಗೆ ನೆನಪಿವೆ. ಶುಕೂರರ ತಾಯಿ ಪಾತುಮ್ಮ ದಿನವೂ ಬಾಟಲಿಯಲ್ಲಿ ಆಡಿನ ಹಾಲು ಕಳುಹಿಸುತ್ತಿದ್ದರು. "ಹುಲಿಯಾದರೆಂತ, ಹಸಿವೆ ಹಸಿವೆಯೇ ಅಲ್ವಾ?" ಎಂದು ಹೇಳಿಕಳುಹಿಸಿದ್ದರು. ಮಧ್ಯಾಹ್ನ ಕಡಲಿನ ಗಾಳಿ ಬಂದು ಪರದೆಗಳು ಏಳುತ್ತಿದ್ದವು, ಮರಿ ಅವುಗಳ ನೆರಳನ್ನು ಬೇಟೆಯಾಡುತ್ತಿತ್ತು. ನಮ್ಮ ಬೆಕ್ಕು ಅಡುಗೆಮನೆಯ ಅಟ್ಟ ಹತ್ತಿದ್ದು ಕೆಳಗೆ ಇಳಿಯಲೇ ಇಲ್ಲ. ಮರಿಯ ಕಣ್ಣಿನ ನೀಲಿ ದಿನದಿನವೂ ತೆಳುವಾಗಿ, ಒಳಗಿನಿಂದ ಎಳೆ ಹಳದಿ ಮೇಲೆ ಬರುತ್ತಿತ್ತು. ಬೇರೆ ಯಾರಿಗಾದರೂ ಅದು ಚಂದ. ನನಗೆ ಅದು ಗಡಿಯಾರ.

ಪಪ್ಪ ಹಿಂದಿನ ಕೋಣೆಯಲ್ಲಿ ತಾಯಿಯನ್ನು ನಿಲ್ಲಿಸುತ್ತಿದ್ದರು. ಮರಿ ಆ ಬಾಗಿಲಲ್ಲೇ ಕೂತಿರುತ್ತಿತ್ತು. ಓಡಿಸಿದರೂ ಬರುತ್ತಿತ್ತು, ಬಾಗಿಲು ಹಾಕಿದರೆ ಹೊರಗಿನಿಂದ ಪರಚುತ್ತಿತ್ತು. ನಾನಂತೂ ಆ ಕೋಣೆಯ ಹತ್ತಿರ ಕಂಡರೆ ಎತ್ತಿಕೊಂಡು ಓಡುತ್ತಿದ್ದೆ. ವಿಷದ ಸಾಬೂನು ಅದರ ನಾಲಿಗೆಗೆ ತಾಗಿದರೆ ಏನು ಗತಿ?

ಗರಿಗಳ ಭಾನುವಾರದ ಹಿಂದಿನ ದಿನ, ಈಸ್ಟರಿಗೆ ಇನ್ನು ಎಂಟು ದಿನ ಇರುವಾಗ, ಪಪ್ಪ ಬಂದು ಮೇಜಿನ ಎದುರು ನಿಂತರು. "ಸಾಕು ಬೆನಿಟಾ. ನನ್ನ ಕಣ್ಣು ಮಂಜು. ಬುದ್ಧಿ ಮಂಜಲ್ಲ. ಬಣ್ಣ ಬಲಿತು ಹದಿನೈದು ದಿವಸ ಆಯ್ತು."

ಕದ್ದವಳು ಸಿಕ್ಕಿಬಿದ್ದಾಗಿತ್ತು. ಸೆರಗಿನ ಗಂಟಿನಲ್ಲಿ ಬಚ್ಚಿಟ್ಟಿದ್ದ ಎರಡು ಕಣ್ಣುಗಳನ್ನು ಬಿಚ್ಚಿ ಕೊಟ್ಟೆ. ಅವು ಸರಿಯಾಗಿದ್ದವು. ಅಲ್ಲಿಯವರೆಗೆ ನಾನು ಮಾಡಿದ ಒಂದೇ ಒಂದು ಸರಿಯಾದ ಜೋಡಿ. ಪಪ್ಪ ಅವನ್ನು ತಾಯಿಯ ಮುಖದಲ್ಲಿ ಕೂರಿಸಿ, ರೆಪ್ಪೆಯ ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಹಿಂದೆ ಸರಿದರು. ಹಲಗೆಯ ಮೇಲೆ ಚಿರತೆ ನಿಂತಿತ್ತು, ತಲೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಯಾರೋ ಕರೆದ ಹಾಗೆ.

ಪಪ್ಪ ಕಪಾಟಿನಿಂದ ಔಷಧದ ಬಾಟಲಿಯನ್ನೂ ಹತ್ತಿಯನ್ನೂ ತೆಗೆದರು. ಅದು ಯಾವುದಕ್ಕೆ ಎಂದು ನನಗೆ ಗೊತ್ತಿತ್ತು. "ಮರಿಯನ್ನು ಕರ್ಕೊಂಡು ಬಾ" ಎಂದರು.

ಕರೆಯುವ ಅಗತ್ಯವೇ ಬೀಳಲಿಲ್ಲ. ಅದು ಬಾಗಿಲಲ್ಲಿತ್ತು. ತಾಯಿಯ ಮುಖ ನೋಡಿ ನಿಂತುಬಿಟ್ಟಿತು. ಗಂಟಲಿನಿಂದ ನಾವು ಐದು ತಿಂಗಳಲ್ಲಿ ಒಮ್ಮೆಯೂ ಕೇಳದ ಒಂದು ಸದ್ದು ಮಾಡಿತು. ಆಮೇಲೆ ನಮ್ಮಿಬ್ಬರ ಕಾಲುಗಳ ನಡುವೆಯೇ ಓಡಿ, ಹಲಗೆ ಹತ್ತಿ, ಹೊಟ್ಟೆಯ ಕೆಳಗೆ ತಲೆ ತೂರಿಸಿ ಬಾಯಿ ಹಾಕಿತು. ಧಣಿ ಕಾಗದದಲ್ಲಿ ಬರೆದಿದ್ದ ಹಾಗೆಯೇ.

ನಾನು ಚೀರಿದೆ. "ಪಪ್ಪಾ, ಸಾಬೂನು! ವಿಷ!" ಓಡಿಹೋಗಿ ಹಿಂಗಾಲು ಹಿಡಿದೆಳೆದೆ. ಅದು ಉಗುರಿನಿಂದ ಹುಲ್ಲಿನ ತಾಯಿಯನ್ನು ತಬ್ಬಿ ಹಿಡಿದಿತ್ತು, ಬಿಡಲಿಲ್ಲ. ನೀರು ತರಬೇಕು, ಬಾಯಿ ತೊಳೆಯಬೇಕು, ಯಾವುದನ್ನು ಮೊದಲು ಮಾಡಲಿ ಎಂದು ತಿಳಿಯದೆ ನಾನು ಅಳುತ್ತ ಕಿರುಚುತ್ತಿದ್ದೆ.

"ಬಿಡು ಅದನ್ನು" ಎಂದರು ಪಪ್ಪ. "ಹಾಕ್ಲಿಲ್ಲ."

"ಎಂತ ಹಾಕ್ಲಿಲ್ಲ?"

"ಸಾಬೂನು. ಇದಕ್ಕೆ ನಾನು ಸಾಬೂನು ಹಾಕ್ಲಿಲ್ಲ. ಬರೀ ಉಪ್ಪು, ಪಟಿಕ."

ನನ್ನ ಕೈ ತಾನಾಗಿ ಬಿಟ್ಟಿತು. ವಿಷ ಹಾಕದ ಚರ್ಮ ನಾಲ್ಕೈದು ಮಳೆಗಾಲ ಬಾಳಿದರೆ ಹೆಚ್ಚು. ಅದು ಹೊರಗೆ ಗೊತ್ತಾದರೆ ಇಸಿದೋರ್ ಪೊರ್ಬುಗಳ ಹೆಸರು ಮಣ್ಣುಪಾಲು. ಇದನ್ನು ನನಗೆ ಕಲಿಸಿದವರೇ ಅವರು.

"ಯಾಕೆ ಪಪ್ಪಾ?"

"ಚರ್ಮ ಹದ ಮಾಡುವಾಗ ಅದು ಬಂದು ಮೇಲೆ ಮಲಗ್ತಿತ್ತು. ನೀನು ಪೇಟೆಗೆ ಹೋದಾಗೆಲ್ಲ. ಓಡಿಸಿದ್ರೆ ಮತ್ತೆ ಬರ್ತಿತ್ತು. ನೆಕ್ಕುತ್ತಿತ್ತು."

"ಆದರೆ ನೀವೇ ಅದನ್ನು ಕೊಲ್ಲುವವರಿದ್ರಲ್ಲ! ವಿಷ ತಾಗಿದ್ರೆ ಎಂತ, ಬಿಟ್ರೆ ಎಂತ?"

ಪಪ್ಪ ಕೈಯಲ್ಲಿದ್ದ ಬಾಟಲಿಯನ್ನು ನೋಡಿದರು, ಯಾರು ಅದನ್ನು ಅಲ್ಲಿಟ್ಟರು ಎನ್ನುವ ಹಾಗೆ. "ಗೊತ್ತಿಲ್ಲ ಮಗಾ" ಎಂದರು. ಬಾಟಲಿಯನ್ನು ಮತ್ತೆ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಮರಿ ಕಣ್ಣು ಮುಚ್ಚಿ ಬರಿಯ ಚರ್ಮವನ್ನು ಚೀಪುತ್ತಲೇ ಇತ್ತು. ನಾವಿಬ್ಬರೂ ನೆಲದ ಮೇಲೆ ಕೂತು ಅದು ಮುಗಿಸುವವರೆಗೆ ನೋಡಿದೆವು.

ಸೋಮವಾರ ಪಪ್ಪ ಕೋಟು ಹಾಕಿಕೊಂಡು, ನನ್ನ ಭುಜ ಹಿಡಿದು, ಚರ್ಮಗಳ ದಾಖಲೆ ಪುಸ್ತಕದೊಂದಿಗೆ ಅರಣ್ಯ ಕಚೇರಿಗೆ ನಡೆದರು. ಮರಿ ಇರುವ ತಾಯಿಯನ್ನು ಹೊಡೆಯಬಾರದು ಎಂದು ಬೇಟೆಯ ಪರವಾನಗಿಯ ಹಿಂಬದಿಯಲ್ಲೇ ಅಚ್ಚಾಗಿರುತ್ತಿತ್ತು. ಯಾರೂ ಓದುತ್ತಿರಲಿಲ್ಲ, ನಾವೂ ಓದಿಸುತ್ತಿರಲಿಲ್ಲ. ಪಪ್ಪ ಹೇಳಿ ನನ್ನಿಂದ ಬರೆಸಿದರು: ತಾಯಿ ಚಿರತೆ, ಮೊಲೆಯಲ್ಲಿ ಹಾಲಿತ್ತು, ಮರಿ ಒಂದು, ಜೀವಂತ.

ಕಚೇರಿಯವರು ಧಣಿಗೆ ಒಂದು ಕಾಗದ ಬರೆದು ಕೇಳಿದರು, ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ನಾನು ಚಿರತೆಯನ್ನೇ ಕಂಡವನಲ್ಲ, ಚರ್ಮವೂ ನನ್ನದಲ್ಲ, ಮರಿಯೂ ನನ್ನದಲ್ಲ ಎಂದು ಮರು ಟಪಾಲಿಗೆ ಉತ್ತರ ಬಂತು. ಒಳ್ಳೆಯದೇ ಆಯಿತು. ಘಟ್ಟದ ಬುಡದಲ್ಲಿ ಬೇಟೆ ನಿಲ್ಲಿಸಿ ಕಾಯುತ್ತಿದ್ದ ಕಾಡೊಂದಿತ್ತು. ಮರಿಯನ್ನು ಅಲ್ಲಿನ ಬಂಗಲೆಯ ಹಿಂದೆ ಬೇಲಿಯೊಳಗೆ ಸಾಕಿ, ಬಲಿತ ಮೇಲೆ ಬಿಡುವುದೆಂದು ತೀರ್ಮಾನವಾಯಿತು.

ಕರೆದೊಯ್ಯಲು ಬಂದವನು ಚೆನ್ನಪ್ಪ ಎಂಬ ಗಾರ್ಡು. ಖಾಕಿ ಚಡ್ಡಿ, ಮಾತು ಕಡಿಮೆ. ಶುಕೂರ್ ಬ್ಯಾರಿಗಳ ಖಾಲಿ ಲಾರಿ ಅದೇ ದಾರಿಯಲ್ಲಿ ಹೋಗುವುದಿತ್ತು. ಮರಿ ಮಾತ್ರ ತಾಯಿಯ ಹೊಟ್ಟೆಯ ಕೆಳಗಿನಿಂದ ಹೊರಗೆ ಬರಲು ಸುತರಾಂ ಒಪ್ಪಲಿಲ್ಲ. ಮೀನು ತೋರಿಸಿದೆವು, ಹಾಲು ತೋರಿಸಿದೆವು. ಚೆನ್ನಪ್ಪನ ಕೈಗೆ ಎರಡು ಗೀರು ಬಿತ್ತು.

"ಎರಡನ್ನೂ ತೆಕ್ಕೊಂಡು ಹೋಗಿ" ಎಂದರು ಪಪ್ಪ. ತಾವೇ ತೆಂಗಿನ ಹಗ್ಗ ತಂದು ಹಲಗೆಯನ್ನು ಲಾರಿಗೆ ಕಟ್ಟಿಸಿದರು.

"ಪೊರ್ಬುಗಳೇ, ಇದು ಎಷ್ಟು ವರ್ಷ ಬಾಳ್ತದೆ?" ಎಂದು ಚೆನ್ನಪ್ಪ ಕೇಳಿದ.

ನಾನು ಪಪ್ಪನ ಮುಖ ನೋಡಿದೆ. ನೂರು ವರ್ಷ ಎನ್ನುವ ಮಾತು ಅವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೆ.

"ಮರಿ ದೊಡ್ಡದಾಗುವವರೆಗೆ ಬಾಳಿದ್ರೆ ಸಾಕು" ಎಂದರು.

ನಾನು ಲಾರಿಯಲ್ಲಿ ನಂತೂರಿನವರೆಗೆ ಹೋಗಿ ಇಳಿದೆ. ಲಾರಿ ತಿರುವಿನಲ್ಲಿ ಹೋಗುವಾಗ ತಾಯಿಯ ಮುಖ ನನ್ನ ಕಡೆಗಿತ್ತು. ಬಿಸಿಲು ಆ ಕಣ್ಣುಗಳ ಮೇಲೆ ಬಿದ್ದಿತ್ತು. ನಾನು ಕೈ ಬೀಸಿದೆ. ದಾರಿಯಲ್ಲಿ ನಿಂತ ಜನ ನಕ್ಕರು, ನಗಲಿ.

ಆಮೇಲೆ ಧಣಿಗಳ್ಯಾರೂ ನಮ್ಮ ಗೇಟು ತೆರೆಯಲಿಲ್ಲ. ನಾನು ಇಗರ್ಜಿಗಳ ಹಳೆಯ ಸಂತರ ಮೂರ್ತಿಗಳಿಗೆ ಹೊಸ ಕಣ್ಣು ಬರೆದುಕೊಟ್ಟು ಮನೆ ನಡೆಸಿದೆ. ಸಂತರ ಪಾಪೆಯೂ ದುಂಡಗೇ ಇರುತ್ತದೆ, ಪುಣ್ಯ. ಅರವತ್ತಾರರಲ್ಲಿ ಪಪ್ಪ ತೀರಿಕೊಂಡರು. ಕೊನೆಯ ದಿನಗಳಲ್ಲಿ ಅವರಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಒಂದೊಂದು ಮಧ್ಯಾಹ್ನ "ಬಾಗಿಲಲ್ಲಿ ಕೂತಿದೆಯಾ ನೋಡು" ಎನ್ನುತ್ತಿದ್ದರು. ಕೂತಿದೆ ಎಂದು ನಾನು ಹೇಳುತ್ತಿದ್ದೆ. ನನಗೆ ಸುಳ್ಳು ಅಭ್ಯಾಸವಾಗಿತ್ತಲ್ಲ.

ಮರುವರ್ಷ ಶುಕೂರ್ ಬ್ಯಾರಿಗಳು ತಮ್ಮ ಲಾರಿಯಲ್ಲಿ ನನ್ನನ್ನು ಆ ಬಂಗಲೆಗೆ ಕರೆದೊಯ್ದರು. ಮೊದಲ ಸಲ ಕಾಡು ನೋಡಿದೆ. ಅದು ಮಂಪರು ಹತ್ತಿದ ಹಾಗೆ ಹಸಿರು, ಎಲ್ಲೋ ನೀರಿನ ಸದ್ದು, ಬೇರೆ ಏನೂ ಕಾಣಿಸಲಿಲ್ಲ. ಕನಸಿನ ಹುಲಿ ಕೇಳಿದ ದಾರಿ ಇದೇ ಎಂದುಕೊಂಡೆ. ಚೆನ್ನಪ್ಪ ನನ್ನನ್ನು ಹಿಂದಿನ ಜಗಲಿಗೆ ಕರೆದೊಯ್ದ. ಅಲ್ಲಿ ತಾಯಿ ನಿಂತಿದ್ದಳು. ಒಂದು ಕಿವಿ ಇಲ್ಲ. ಬೆನ್ನನ್ನು ಹುಳ ತಿಂದಿತ್ತು. ಕಣ್ಣುಗಳು ಮಾತ್ರ ಹಾಗೆಯೇ ಇದ್ದವು.

"ಎರಡು ವರ್ಷ ಇಲ್ಲೇ ಮಲಗ್ತಿತ್ತು ಬಾಯಮ್ಮ" ಎಂದ. "ಬೇಲಿ ತೆಗೆದ ಮೇಲೂ ಬರ್ತಿತ್ತು. ಆಮೇಲೆ ವಾರಕ್ಕೊಮ್ಮೆ. ಮತ್ತೆ ಒಂದು ದಿನ ಬರ್ಲಿಲ್ಲ. ಹೊಳೆಯ ಆಚೆ ಹೆಜ್ಜೆ ಉಂಟು, ಅದರದ್ದೇ ಅಂತ ನಾನು ಹೇಳ್ತೇನೆ." ತಾಯಿಯ ಬೆನ್ನಿನ ಧೂಳು ಒರೆಸುತ್ತ ಕೇಳಿದ, "ಸಾಹೇಬರು ಇದನ್ನು ಬಿಸಾಡ್ಲಿಕ್ಕೆ ಹೇಳಿದ್ದಾರೆ. ನೀವು ಒಂಚೂರು ಹೊಲಿದು ಕೊಡ್ತೀರಾ?"

ನಾನು ಬಗ್ಗಿ ನೋಡಿದೆ. ಹೊಟ್ಟೆಯ ಕೆಳಗೆ ಅಂಗೈಯಗಲ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಚೀಪಿ ಚೀಪಿ ಚರ್ಮ ಕಾಗದದಷ್ಟು ತೆಳ್ಳಗಾಗಿ, ನುಣುಪಾಗಿ, ನಡುವೆ ಹರಿದು, ಪಪ್ಪ ತುಂಬಿದ ಹುಲ್ಲು ಹೊರಗೆ ಬಂದಿತ್ತು. ಆ ಹುಲ್ಲನ್ನು ಮುಟ್ಟಿದೆ. ವಿಷದ ವಾಸನೆ ಇರಲಿಲ್ಲ.

"ಹೊಲಿಯುವುದು ಬೇಡ ಚೆನ್ನಪ್ಪ" ಎಂದೆ. "ಅದರ ಕೆಲಸ ಮುಗಿದಿದೆ."

ಮತ್ತೆ ಅಲ್ಲೇ ಜಗಲಿಯಲ್ಲಿ ಕೂತು ಅತ್ತೆ, ಪಪ್ಪ ತೀರಿಕೊಂಡ ದಿನಕ್ಕಿಂತಲೂ ಹೆಚ್ಚು.